ಹತ್ತೊಂಬತ್ತು ವಿಷಯಗಳ ಮಳೆಗಾಲ

ಮಾಣಿಯನ್ನು ಹೆಚ್ಚಿನವರು ನೋಡಿರುವುದು ಬಸ್ಸಿನ ಕಿಟಕಿಯಿಂದ. ಮಂಗಳೂರಿನಿಂದ ಬಿ.ಸಿ. ರೋಡು, ಕಲ್ಲಡ್ಕ ದಾಟಿ ಬಂದ ಹೆದ್ದಾರಿ ಇಲ್ಲಿ ಕವಲಾಗುತ್ತದೆ. ಒಂದು ದಾರಿ ಉಪ್ಪಿನಂಗಡಿಯ ಕಡೆಗೆ ಹೋಗಿ ಶಿರಾಡಿ ಘಾಟಿ ಹತ್ತಿ ಬೆಂಗಳೂರು ಸೇರುತ್ತದೆ. ಇನ್ನೊಂದು ಪುತ್ತೂರು, ಸುಳ್ಯ, ಮಡಿಕೇರಿಯ ಮೇಲಾಗಿ ಮೈಸೂರಿಗೆ. ಈ ಕವಲಿನಲ್ಲಿ ನಿಂತು ಪಡುವಣಕ್ಕೆ ಮುಖ ಮಾಡಿದರೆ ಮಂಗಳೂರಿನ ಸುತ್ತಮುತ್ತ ಕೆ.ಎಂ.ಸಿ., ಫಾದರ್ ಮುಲ್ಲರ್, ಎ.ಜೆ., ದೇರಳಕಟ್ಟೆಯ ಕೆ.ಎಸ್. ಹೆಗ್ಡೆ, ಯೆನೆಪೋಯ, ಹೀಗೆ ಸಾಲುಸಾಲು ಮೆಡಿಕಲ್ ಕಾಲೇಜುಗಳು. ತಿರುಗಿ ಮೂಡಣಕ್ಕೆ ನೋಡಿದರೆ ಸುಳ್ಯದಲ್ಲಿ ಕೆ.ವಿ.ಜಿ. ಇಷ್ಟೆಲ್ಲದರ ನಡುವೆ ಬೆಳೆದ ನನ್ನ ತಂಗಿಯ ಮಗಳು ಡಾಕ್ಟರಾಗಲು ಕಿರ್ಗಿಸ್ತಾನದ ಬಿಷ್ಕೆಕ್‌ಗೆ ಹೋಗಬೇಕಾಯಿತು.

ಕಾರಣ ಹಣ. 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಾಲೇಜು ಕಟ್ಟಿದಾಗ ಫೀಸಿನಿಂದಲೇ ನಡೆಯುವ ಖಾಸಗಿ ಮೆಡಿಕಲ್ ಕಾಲೇಜು ಎಂಬುದೇ ದೇಶಕ್ಕೆ ಹೊಸ ಮಾತು. ಆಮೇಲೆ ನಮ್ಮ ಜಿಲ್ಲೆಯಲ್ಲಿ ಬಂದವೆಲ್ಲ ಖಾಸಗಿಯವೇ. ಅವಳು ನೀಟ್ ಬರೆದ 2019ರಲ್ಲಿ ದಕ್ಷಿಣ ಕನ್ನಡದಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಒಂದೂ ಇರಲಿಲ್ಲ. ಖಾಸಗಿ ಕಾಲೇಜುಗಳಲ್ಲಿರುವ ಸರಕಾರಿ ಸೀಟಿಗೆ ಅವಳ ರ‍್ಯಾಂಕು ಸಾಲಲಿಲ್ಲ. ಉಳಿದ ಸೀಟುಗಳ ಫೀಸು ಕಟ್ಟಲು ತಂಗಿಯ ಎರಡೆಕ್ರೆ ಅಡಿಕೆ ತೋಟವನ್ನು ಮಾರಿದರೂ ಆಗುತ್ತಿರಲಿಲ್ಲ. ಬಿಷ್ಕೆಕ್‌ಗಾದರೆ ತೋಟ ಉಳಿಸಿಕೊಂಡು, ಸೊಸೈಟಿಯಲ್ಲಿ ಸಾಲ ಮಾಡಿ, ವರ್ಷವರ್ಷ ಅಡಿಕೆ ಮಾರಿದ ದುಡ್ಡನ್ನು ಕಳಿಸುತ್ತಾ ಹೇಗೋ ದಾಟಬಹುದಿತ್ತು. ಹಾಗೆಯೇ ದಾಟಿದರು.

ಆ ವರ್ಷಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹೋದ ಮರುವರ್ಷವೇ ಕೊರೊನಾ ಬಂದು ತಿಂಗಳುಗಟ್ಟಲೆ ಪಾಠ ಮೊಬೈಲಿನಲ್ಲಿ ನಡೆಯಿತು. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ರಾಣೆಬೆನ್ನೂರು ತಾಲೂಕಿನ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್ ತೀರಿಕೊಂಡ ಸುದ್ದಿ ಟಿ.ವಿ.ಯಲ್ಲಿ ಬಂದಾಗ ನನ್ನ ತಂಗಿ ಎರಡು ದಿನ ಊಟ ಮಾಡಲಿಲ್ಲ. ಅವನೂ ಮೆಡಿಕಲ್ ವಿದ್ಯಾರ್ಥಿ, ನಾಲ್ಕನೆಯ ವರ್ಷದಲ್ಲಿದ್ದವನು. ಆ ತಂದೆ ತಾಯಿ ಮಗನ ದೇಹವನ್ನು ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ದಾನ ಕೊಟ್ಟರು ಎಂದು ಕೇಳಿದಾಗ ನನಗೆ ಮಾತು ಹೊರಡಲಿಲ್ಲ. 2024ರ ಮೇ ತಿಂಗಳಲ್ಲಿ ಬಿಷ್ಕೆಕ್‌ನಲ್ಲೇ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲುಗಳ ಮೇಲೆ ಗುಂಪು ಕಟ್ಟಿಕೊಂಡು ಬಂದು ಹಲ್ಲೆ ಮಾಡಿದರು. ಇವಳು ಗೆಳತಿಯರೊಡನೆ ಕೋಣೆಯ ದೀಪ ಆರಿಸಿ ಕೂತಿದ್ದಳು. ಕೊನೆಯ ವರ್ಷದ ಪರೀಕ್ಷೆಗೆ ಆಗ ಇನ್ನು ಸ್ವಲ್ಪವೇ ದಿನ. ಬರೆದು ಮುಗಿಸಿಯೇ ಬಂದಳು.

ಬಂದಾಗ ಕೈಯಲ್ಲಿ ಡಿಗ್ರಿ ಇತ್ತು. ಆದರೆ ಡಿಗ್ರಿಯೊಂದಿದ್ದರೆ ಇಲ್ಲಿ ಡಾಕ್ಟರಾಗುವುದಿಲ್ಲ. ವಿದೇಶದಲ್ಲಿ ಕಲಿತು ಬಂದವರು ಭಾರತದಲ್ಲಿ ನೋಂದಣಿ ಪಡೆಯಬೇಕಾದರೆ ಎಫ್.ಎಂ.ಜಿ.ಇ. ಎಂಬ ಪರೀಕ್ಷೆ ದಾಟಬೇಕು. 2002ರಲ್ಲಿ ಶುರುವಾದದ್ದು ಇದು. ವರ್ಷಕ್ಕೆ ಎರಡು ಸಲ ಬರುತ್ತದೆ. ಒಂದೇ ದಿನ ಎರಡು ಭಾಗ, ಒಂದೊಂದರಲ್ಲೂ 150 ಪ್ರಶ್ನೆ, ಒಂದೊಂದಕ್ಕೂ ಎರಡೂವರೆ ಗಂಟೆ. ಒಟ್ಟು 300ರಲ್ಲಿ 150 ಸರಿಯಾದರೆ ಪಾಸು. ತಪ್ಪಿಗೆ ಅಂಕ ಕಳೆಯುವುದಿಲ್ಲ, ರ‍್ಯಾಂಕು ಇಲ್ಲ, ಯಾರೊಡನೆಯೂ ಸ್ಪರ್ಧೆ ಇಲ್ಲ. ಕೇಳಿದಾಗ ಇದೇನು ಮಹಾ ಎಂದು ಅನ್ನಿಸಬಹುದು. ಆದರೆ ಹೆಚ್ಚಿನ ಸಲ ಬರೆದವರಲ್ಲಿ ನಾಲ್ಕೈದು ಮಂದಿಗೆ ಒಬ್ಬರು ಮಾತ್ರ ಪಾಸಾಗುತ್ತಾರೆ. ಅಂಗರಚನೆಯಿಂದ ಹಿಡಿದು ಮನೋರೋಗದವರೆಗೆ ಹತ್ತೊಂಬತ್ತು ವಿಷಯಗಳು ಒಂದೇ ಹಗಲಲ್ಲಿ ಕೂಡಿ ಬರುತ್ತವೆ. ಐದು ವರ್ಷ ಬಿಡಿಬಿಡಿಯಾಗಿ ಓದಿ, ಆಯಾ ವರ್ಷವೇ ಬರೆದು ಮುಗಿಸಿದ್ದನ್ನು ಒಟ್ಟಿಗೆ ತಲೆಯಲ್ಲಿ ನಿಲ್ಲಿಸಿಕೊಳ್ಳಬೇಕು. ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ದಿನಾ ಕಾಲಲ್ಲಿ ಮಗುಚದಿದ್ದರೆ ಅಡಿಯದ್ದಕ್ಕೆ ಬೂಷ್ಟು ಹಿಡಿಯುತ್ತದಲ್ಲ, ಹತ್ತೊಂಬತ್ತನೆಯ ವಿಷಯಕ್ಕೆ ಬರುವಾಗ ಮೊದಲನೆಯದಕ್ಕೆ ಆಗುವುದೂ ಅದೇ.

ತಂಗಿಯ ಮನೆ ಗುಡ್ಡದ ಆಚೆ ಬದಿಯಲ್ಲಿ. ಅಲ್ಲಿ ನೆಟ್‌ವರ್ಕ್ ಬೇಕಾದರೆ ಕೊಡೆ ಹಿಡಿದು ಗೇರುಮರದ ಬುಡಕ್ಕೆ ಹೋಗಬೇಕು. ಈಗಿನ ಓದು ಪುಸ್ತಕದಲ್ಲಿ ಅರ್ಧ, ಮೊಬೈಲಿನಲ್ಲಿ ಅರ್ಧ. ಆದ್ದರಿಂದ ಅವಳು ಮಾಣಿಯ ನಮ್ಮ ಮನೆಗೆ ಬಂದಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಮಾಳಿಗೆಯ ಕೋಣೆ ಖಾಲಿ ಇತ್ತು. ಗೋಡೆಯ ತುಂಬಾ ಅವಳು ಹಳದಿ ಚೀಟಿ ಅಂಟಿಸಿದಳು. ಪಿ.ವೈ.ಕ್ಯೂ., ಕ್ಯೂ-ಬ್ಯಾಂಕ್, ಜಿ.ಟಿ. ಎಂಬ ಮಾತುಗಳು ಮನೆಯಲ್ಲಿ ಓಡಾಡತೊಡಗಿದವು. ಪಿ.ವೈ.ಕ್ಯೂ. ಅಂದರೆ ಹಿಂದಿನ ಪರೀಕ್ಷೆಗಳಲ್ಲಿ ಬಂದ ಪ್ರಶ್ನೆ, ಕ್ಯೂ-ಬ್ಯಾಂಕ್ ಅಂದರೆ ಅಭ್ಯಾಸಕ್ಕೆಂದು ಕೂಡಿಸಿಟ್ಟ ಪ್ರಶ್ನೆಗಳು, ಜಿ.ಟಿ. ಅಂದರೆ ನಿಜವಾದ ಪರೀಕ್ಷೆಯ ಹಾಗೆಯೇ ಇಡೀ ದಿನ ಕೂತು ಬರೆಯುವ ಗ್ರ್ಯಾಂಡ್ ಟೆಸ್ಟ್. ಜಿ.ಟಿ. ಇದ್ದ ಭಾನುವಾರ ನಾವು ಮಿಕ್ಸಿ ಹಾಕುತ್ತಿರಲಿಲ್ಲ. ನಮ್ಮ ಯಜಮಾನರು ಟಿ.ವಿ.ಯ ಸ್ವರ ತೆಗೆದು ಯಕ್ಷಗಾನ ನೋಡುತ್ತಿದ್ದರು. ಅದನ್ನು ಹಾಗೆ ನೋಡುವುದು ಅವರಿಗೆ ಎಷ್ಟು ಕಷ್ಟವೆಂದು ನನಗೆ ಗೊತ್ತು.

ಬೆಳಗ್ಗೆ ಅವಳ ಓದು, ರಾತ್ರಿ ನನ್ನ ಪ್ರಶ್ನೆ. ಇದು ನಾವಿಬ್ಬರು ಮಾಡಿಕೊಂಡ ಕ್ರಮ. ಊಟದ ನಂತರ ಚಾವಡಿಯಲ್ಲಿ ಕೂತು ನಾನು ಅವಳ ನೋಟ್ಸಿನಿಂದ ಕೇಳುವುದು, ಅವಳು ಕಣ್ಣು ಮುಚ್ಚಿ ಹೇಳುವುದು. ಈ ಪರೀಕ್ಷೆಯ ಪ್ರಶ್ನೆಗಳು ಶಾಲೆಯ ಪ್ರಶ್ನೆಗಳ ಹಾಗೆ ವ್ಯಾಖ್ಯೆ ಕೇಳುವುದಿಲ್ಲ. ಒಬ್ಬ ಮನುಷ್ಯನನ್ನು ಎದುರು ತಂದು ನಿಲ್ಲಿಸುತ್ತವೆ. ಇಷ್ಟು ವರ್ಷದವ, ಈ ಕೆಲಸದವ, ಇಷ್ಟು ದಿನದಿಂದ ಈ ತೊಂದರೆ. ರೋಗ ಯಾವುದು, ಮೊದಲು ಏನು ಮಾಡುತ್ತೀರಿ? ಕೇಳುತ್ತಾ ಕೇಳುತ್ತಾ ನನಗೆ ಆಶ್ಚರ್ಯವಾಗತೊಡಗಿತು. ಈ ಮನುಷ್ಯರಲ್ಲಿ ಹೆಚ್ಚಿನವರು ನನಗೆ ಗೊತ್ತಿದ್ದವರು.

ಮಳೆಗಾಲದಲ್ಲಿ ಗದ್ದೆಯಲ್ಲಿ ದುಡಿಯುವವನಿಗೆ ಜ್ವರ, ಕಣ್ಣು ಕೆಂಪು, ಮೀನಖಂಡ ಮುಟ್ಟಿದರೆ ನೋವು, ಮೂತ್ರ ಕಡಿಮೆ ಎಂದು ಪ್ರಶ್ನೆ. "ಲೆಪ್ಟೊಸ್ಪೈರೋಸಿಸ್" ಎಂದು ಅವಳು ಹೇಳುವ ಮೊದಲೇ "ಇಲಿಜ್ವರ" ಎಂದು ಒಳಗಿನಿಂದ ನಮ್ಮ ಯಜಮಾನರು ಹೇಳಿದರು. ಅವರ ತೋಟದ ಕೆಲಸಕ್ಕೆ ಬರುತ್ತಿದ್ದ ಒಬ್ಬರು ಅದರಲ್ಲೇ ಹೋದದ್ದು. ಕಾಲಿನ ಗಾಯವನ್ನು ಹಾಗೆಯೇ ಬಿಟ್ಟು ತೋಡಿನ ನೀರಿಗೆ ಇಳಿದಿದ್ದರು. ಅಂಥ ಕೆಲಸದವರಿಗೆ ಮಳೆಯ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಕೊಟ್ಟು ಮುಂಚಿತವಾಗಿ ಕಾಯಬಹುದೆಂಬುದು ಅವಳ ನೋಟ್ಸಿನಲ್ಲಿ ಒಂದು ಸಾಲು. ಆ ಸಾಲಿನ ಹತ್ತಿರ ಅವಳು ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದಳು.

ಇನ್ನೊಂದು ದಿನ ವಿಷಗಳ ಪಾಠ. ನೀಲಿ ಹಸಿರು ವಾಂತಿ, ಬಾಯಲ್ಲಿ ಲೋಹದ ರುಚಿ, ಆಮೇಲೆ ಕಾಮಾಲೆ, ಮೂತ್ರಪಿಂಡ ಕೆಡುವುದು. ಉತ್ತರ ಕಾಪರ್ ಸಲ್ಫೇಟ್. ನಮ್ಮ ಮೈಲುತುತ್ತು. ಆಟಿಯ ಮಳೆಯಲ್ಲಿ ಕೊಳೆರೋಗಕ್ಕೆ ಅಡಿಕೆಗೆ ಮದ್ದು ಬಿಡುವಾಗ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಇದನ್ನು ಕೇಳದ ಮನೆ ಈ ಭಾಗದಲ್ಲಿಲ್ಲ. ಅವಳ ಅಪ್ಪ ಮದ್ದಿನ ನೀರಲ್ಲಿ ನೆನೆದ ಅಂಗಿಯಲ್ಲೇ ಊಟಕ್ಕೆ ಕೂತುಕೊಳ್ಳುವುದನ್ನು ನೋಡಿ ಬೆಳೆದವಳು ಅವಳು. ಆ ರಾತ್ರಿ ಫೋನು ಮಾಡಿ ಅಪ್ಪನಿಗೆ ಕೈಗವಸಿನ ವಿಷಯ, ಕೈ ತೊಳೆಯುವ ವಿಷಯ ಹೇಳಿದಳು. ಅವರು ಹೂಂ ಹೂಂ ಅಂದರು. ಮಾರನೆಯ ದಿನ ತಂಗಿಗೆ ಫೋನು ಮಾಡಿ, ಅಪ್ಪ ಕೈ ತೊಳೆದರಾ ಎಂದು ಮತ್ತೆ ವಿಚಾರಿಸಿದಳು.

ಹಾವಿನ ಪ್ರಶ್ನೆಗಳು ಬರದ ಪರೀಕ್ಷೆ ಇಲ್ಲ ಎನ್ನುತ್ತಾಳೆ. ರಾತ್ರಿ ನೆಲದಲ್ಲಿ ಮಲಗಿದವನಿಗೆ ಬೆಳಗ್ಗೆ ರೆಪ್ಪೆ ಎತ್ತಲಾಗುವುದಿಲ್ಲ, ಕಚ್ಚಿದ ಜಾಗದಲ್ಲಿ ಬಾವಿಲ್ಲ: ಕಟ್ಟುಹಾವು. ಕಾಲು ಊದಿ ರಕ್ತ ಹೆಪ್ಪುಗಟ್ಟುವುದಿಲ್ಲ: ಮಂಡಲ. ಒಣಗಿದ ಗಾಜಿನ ಕೊಳವೆಯಲ್ಲಿ ರಕ್ತ ತೆಗೆದು ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡುವ ಪರೀಕ್ಷೆ ಎಷ್ಟು ಸರಳ! ಯಂತ್ರ ಬೇಡ, ಲ್ಯಾಬು ಬೇಡ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ನಮ್ಮ ದೇಶದ ಪ್ರತಿವಿಷ ಆಗುತ್ತದೆ. ಪುಸ್ತಕಕ್ಕೆ ಈ ನಾಲ್ಕು ಸಾಕು. ಆದರೆ ನಮ್ಮ ತೋಟಗಳಲ್ಲಿ ಮೂತಿ ಮೇಲಕ್ಕೆ ತಿರುಗಿದ ಒಂದು ಸಣ್ಣ ಮಂಡಲ ಉಂಟು. ಒಣಗಿದ ಎಲೆಗಳ ನಡುವೆ ಎಲೆಯದೇ ಬಣ್ಣದಲ್ಲಿ ಬಿದ್ದಿರುತ್ತದೆ, ಅಡಿಕೆ ಹೆಕ್ಕುವ ಕೈಗೆ ಕಚ್ಚುತ್ತದೆ. ಆ ಪ್ರತಿವಿಷ ಇದಕ್ಕೆ ತಾಗುವುದಿಲ್ಲ, ಇದರ ಕಡಿತದಿಂದ ಮೂತ್ರಪಿಂಡ ಕೆಟ್ಟವರೂ ಇದ್ದಾರೆ. "ಪರೀಕ್ಷೆಗೆ ನಾಲ್ಕು, ಊರಿಗೆ ಐದು, ನಾನು ಎರಡನ್ನೂ ನೆನಪಿಡಬೇಕು ದೊಡ್ಡಮ್ಮ" ಎಂದಳು. ಅವಳು ಒಳ್ಳೆಯ ಡಾಕ್ಟರಾಗುತ್ತಾಳೆ ಎಂದು ನನಗೆ ಖಾತ್ರಿಯಾದದ್ದು ಆ ಮಾತು ಕೇಳಿದಾಗ.

ಮಂಗನ ಕಾಯಿಲೆಯ ಪುಟ ಬಂದಾಗ ಮಾತ್ರ ನಾನು ಪ್ರಶ್ನೆ ಕೇಳುವುದನ್ನು ನಿಲ್ಲಿಸಿ ಹೇಳಲು ಶುರುಮಾಡಿದೆ. ಅವಳ ನೋಟ್ಸಿನಲ್ಲಿ ಇದ್ದದ್ದು ಇಷ್ಟು: ಕ್ಯಾಸನೂರು, ಸೊರಬ ತಾಲೂಕು, 1957, ಹರಡುವುದು ಉಣ್ಣಿಯಿಂದ. ಬೆಳ್ತಂಗಡಿಯ ಹೆಸರು ಇರಲಿಲ್ಲ. 1982–83ರಲ್ಲಿ ನಾನು ಬೆಳ್ತಂಗಡಿ ತಾಲೂಕಿನ ಒಂದು ಶಾಲೆಯಲ್ಲಿ ಹೊಸ ಟೀಚರು. ಪಟ್ರಮೆ, ನಿಡ್ಲೆ ಕಡೆ ಗೇರು ನೆಡುವುದಕ್ಕೆಂದು ದೊಡ್ಡ ಕಾಡು ಕಡಿದಿದ್ದರು. ಅದರ ಬೆನ್ನಿಗೇ ಮಂಗಗಳು ಸಾಯತೊಡಗಿದವು, ಆಮೇಲೆ ಕಾಡಿಗೆ ಹೋಗಿ ಬಂದವರು. ಕ್ಲಾಸಿನಲ್ಲಿ ಒಂದೊಂದೇ ಮಗು ಬರದೆ ಆಯಿತು. ಅಪ್ಪನಿಗೆ ಜ್ವರ ಟೀಚರ್, ಮೂಗಿನಲ್ಲಿ ರಕ್ತ ಟೀಚರ್ ಎಂದು ಹೇಳುತ್ತಿದ್ದ ಮಕ್ಕಳ ಮುಖ ನನಗೆ ಈಗಲೂ ಕಾಣುತ್ತದೆ. ನೂರಾರು ಮನೆಗಳಿಗೆ ಆ ಜ್ವರ ಹೊಕ್ಕಿತ್ತು. ಮುಂದೆ ಅದೇ ಕಡೆಯ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ಮಕ್ಕಳು ಏನಾಗಿ ಹುಟ್ಟಿದರೆಂದು ಜಿಲ್ಲೆಗೆಲ್ಲ ಗೊತ್ತು. ಸುಪ್ರೀಂ ಕೋರ್ಟು ಆ ಕೀಟನಾಶಕವನ್ನು ತಡೆದದ್ದು 2011ರಲ್ಲಿ. ಕಾಡು ಕಡಿದು ನೆಟ್ಟ ಗೇರಿಗೆ ಈ ಊರುಗಳು ಎರಡು ಸಲ ಬೆಲೆ ತೆತ್ತವು. ಇದನ್ನೆಲ್ಲ ಹೇಳಿ ಮುಗಿಸುವಾಗ ಗಂಟೆ ಹನ್ನೊಂದಾಗಿತ್ತು. ನಾಳೆಯ ಟೆಸ್ಟಿಗೆ ಅದರಿಂದ ಒಂದು ಅಂಕವೂ ಬರುವಂತಿರಲಿಲ್ಲ. ಆದರೂ ಅವಳು ಕ್ಯಾಸನೂರಿನ ಕೆಳಗೆ "ಪಟ್ರಮೆ, 1982–83" ಎಂದು ಬರೆದು ಅಡಿಗೆರೆ ಎಳೆದಳು.

ಅಡಿಕೆಯ ಪ್ರಶ್ನೆಯೂ ಬಂತು, ಬರಲೇಬೇಕಿತ್ತು. ವರ್ಷಗಟ್ಟಲೆ ಅಡಿಕೆ ಜಗಿದವನಿಗೆ ಬಾಯಿ ಬಿಚ್ಚಲಾಗುವುದಿಲ್ಲ, ಕೆನ್ನೆಯ ಒಳಬದಿ ಬೆಳ್ಳಗೆ ಗಡುಸಾಗಿದೆ, ಖಾರ ತಡೆಯುವುದಿಲ್ಲ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲನೆಯ ಪಟ್ಟಿಗೆ ಸೇರಿಸಿದೆ ಎಂಬುದು ಅವಳ ನೋಟ್ಸಿನಲ್ಲಿ ಕೆಂಪು ಶಾಯಿಯಲ್ಲಿತ್ತು. ಈ ಮಾತು ಎದ್ದಾಗಲೆಲ್ಲ ನಮ್ಮ ಊರಿನಲ್ಲಿ ಸಿಟ್ಟು ಬರುತ್ತದೆ, ಬರುವುದು ಸಹಜ. ಬೆಲೆ ಬಿದ್ದು ಹೋದ ಕಾಲದಲ್ಲಿ, 1973ರಲ್ಲಿ, ಬೆಳೆಗಾರರೇ ಸೇರಿ ಕ್ಯಾಂಪ್ಕೊ ಕಟ್ಟಿಕೊಂಡು ಬದುಕಿದ ಜನ ನಾವು. ಅವಳ ಫೀಸು ಹೊತ್ತದ್ದೂ ಅಡಿಕೆಯೇ. ಅವಳು ಸರಿಯಾದ ಉತ್ತರಕ್ಕೇ ಗುರುತು ಹಾಕಿದಳು. ಹಾಗೆಯೇ ಆಗಬೇಕು. ಮುಂದೆ ಒಂದು ದಿನ ಇದೇ ಊರಿನವರೊಬ್ಬರು ಬಾಯಿ ಬಿಡಲಾಗದೆ ಬಂದು ಎದುರು ಕೂತಾಗ ಡಾಕ್ಟರು ತೋಟವನ್ನು ನೆನೆದು ಸುಮ್ಮನಿರುವ ಹಾಗಿಲ್ಲ. ಬಿಡಲು ಹೇಳಬೇಕು. ಹೇಳುವವಳು ಅಡಿಕೆಯ ಮನೆಯವಳೇ ಆದರೆ ಕೇಳುವವರೂ ಸ್ವಲ್ಪ ಕೇಳಿಯಾರು ಎಂದು ನನ್ನ ನಂಬಿಕೆ.

ಲಸಿಕೆಯ ಪಟ್ಟಿ ಅವಳನ್ನು ತುಂಬಾ ಕಾಡಿತು. ಹುಟ್ಟಿದ ಕೂಡಲೇ ಯಾವುದು, ಆರನೆಯ, ಹತ್ತನೆಯ, ಹದಿನಾಲ್ಕನೆಯ ವಾರಕ್ಕೆ ಯಾವುದು, ಒಂಬತ್ತು ತಿಂಗಳಿಗೆ ಯಾವುದು. ಸಮುದಾಯ ಆರೋಗ್ಯಕ್ಕೆ 300ರಲ್ಲಿ 30 ಪ್ರಶ್ನೆ, ಬಿಡುವಂತಿಲ್ಲ. ಬಿಷ್ಕೆಕ್‌ನಲ್ಲಿ ಅವಳು ಕಲಿತದ್ದು ಆ ದೇಶದ ಪಟ್ಟಿ. ಕೊನೆಗೆ ಹತ್ತಿರದ ಮನೆಯ ಬಾಣಂತಿಯ ತಾಯಿ ಕಾರ್ಡನ್ನೇ ಕೇಳಿ ತಂದೆವು. ಆಶಾ ಕಾರ್ಯಕರ್ತೆ ದಿನಾಂಕ ಹಾಕಿ ತುಂಬಿದ ಆ ಕಾರ್ಡಿನಲ್ಲಿ ಎಲ್ಲ ಇತ್ತು. ಆ ಕೂಸಿನ ಕಾರ್ಡಿನಿಂದಲೇ ಅವಳು ಪಟ್ಟಿ ಕಲಿತಳು. ಹದಿನಾಲ್ಕನೆಯ ವಾರದ ಚುಚ್ಚುಮದ್ದಿನ ದಿನ ತಾನೂ ಜೊತೆಗೆ ಹೋಗಿ ಬಂದಳು.

ಇದನ್ನೆಲ್ಲ ನೋಡುತ್ತಾ ನನಗೆ ಒಂದು ಮಾತು ಸ್ಪಷ್ಟವಾಗುತ್ತಾ ಹೋಯಿತು. ವಿದೇಶದಲ್ಲಿ ಕಲಿತು ಬಂದ ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಕೊರತೆಯಿರುವುದು ಪುಸ್ತಕದ್ದಲ್ಲ, ಬುದ್ಧಿಯದ್ದೂ ಅಲ್ಲ. ರೋಗಿಯದ್ದು. ಬಿಷ್ಕೆಕ್‌ನಲ್ಲಿ ಪಾಠವೇನೋ ಇಂಗ್ಲಿಷಿನಲ್ಲಿ, ಆದರೆ ವಾರ್ಡಿನಲ್ಲಿ ಮಲಗಿದವರು ಕಿರ್ಗಿಜ್ ಮತ್ತು ರಷ್ಯನ್ ಮಾತಾಡುವವರು. ಎಲ್ಲಿ ನೋವು, ಯಾವಾಗಿನಿಂದ ಎಂದು ಕೇಳುವಷ್ಟು ರಷ್ಯನ್ ಅವಳು ಕಲಿತಿದ್ದಳು. ರೋಗಿ ತಾನಾಗಿ ಹೇಳುತ್ತಾ ಹೋಗುವ ಕಥೆ ಹಿಡಿಯುವಷ್ಟು ಆಗಲಿಲ್ಲ. ಇಲ್ಲಿಗೆ ಬಂದ ಮೇಲೆ ಭಾಷೆ ಇದೆ, ರೋಗಿಗಳೂ ಇದ್ದಾರೆ. ಆದರೆ ಪರೀಕ್ಷೆ ಪಾಸಾಗದೆ ಅವರನ್ನು ಮುಟ್ಟುವಂತಿಲ್ಲ. ನೋಂದಣಿ ಇಲ್ಲದೆ ಚಿಕಿತ್ಸೆ ಕೊಟ್ಟರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯ ಪ್ರಕಾರ ಒಂದು ವರ್ಷದ ತನಕ ಜೈಲು, ಐದು ಲಕ್ಷದ ತನಕ ದಂಡ. ಆ ಕಾನೂನು ಸರಿ. ನಕಲಿ ಡಾಕ್ಟರುಗಳ ಕೈಯಲ್ಲಿ ನಮ್ಮ ಜನ ಪಟ್ಟ ಪಾಡು ನಾನು ನೋಡಿದ್ದೇನೆ. ಪರೀಕ್ಷೆಯೂ ಬೇಕು. ಯಾವ ದೇಶದಲ್ಲಿ ಹೇಗೆ ಕಲಿತಿದ್ದಾರೆಂದು ನೋಡದೆ ಜೀವ ಒಪ್ಪಿಸಲಾಗುವುದಿಲ್ಲ. ಆದರೆ ಡಿಗ್ರಿಗೂ ನೋಂದಣಿಗೂ ನಡುವಿನ ಆ ತಿಂಗಳುಗಳಲ್ಲಿ, ಕೆಲವರಿಗೆ ವರ್ಷಗಳಲ್ಲಿ, ಈ ಮಕ್ಕಳು ಮೊಬೈಲಿನಲ್ಲಿ ಮಾತ್ರ ರೋಗಿಯನ್ನು ನೋಡುತ್ತಾ ಕೂರುವುದು ಯಾರಿಗೆ ಒಳ್ಳೆಯದು?

ಊರಿನವರಿಗೆ ಈ ಕಾನೂನು ಗೊತ್ತಿಲ್ಲ. ಅವಳು ಬಂದ ವಾರದಲ್ಲೇ ಗೇಟಿನ ಹತ್ತಿರ ಜನ ನಿಲ್ಲತೊಡಗಿದರು. ಬಿ.ಪಿ. ನೋಡಿ ಎನ್ನುವವರು, ಶುಗರಿನ ಚೀಟಿ ತಂದವರು. ಸೂರಿಕುಮೇರಿನ ಕಡೆಯ ಒಬ್ಬರು ಅಜ್ಜಿ ಊದಿದ ಕಾಲು ಎಳೆದುಕೊಂಡು ಬಂದು ಜಗಲಿಯಲ್ಲಿ ಕೂತರು.

"ಒಂದು ಮಾತ್ರೆ ಕೊಡು ಮಗಾ. ಆಸ್ಪತ್ರೆಗೆ ಹೋದರೆ ಇಡೀ ದಿನ ಹೋಗ್ತದೆ."

"ಅಜ್ಜೀ, ನಾನು ಇನ್ನೂ ಡಾಕ್ಟ್ರು ಆಗಿಲ್ಲ. ನನಗೆ ಕೊಡ್ಲಿಕ್ಕೆ ಇಲ್ಲ."

"ಐದು ವರ್ಷ ಎಂತ ಮಾಡಿದ್ದು ಹಾಗಾದ್ರೆ?"

ಅಜ್ಜಿ ಕೇಳಿದ್ದು ಪ್ರೀತಿಯಿಂದಲೇ. ಆದರೂ ಅವಳ ಮುಖ ಸಣ್ಣದಾಯಿತು. ಒಳಗೆ ಹೋಗಿ ಚಪ್ಪಲಿ ಹಾಕಿಕೊಂಡು ಬಂದು ರಿಕ್ಷಾ ಕರೆದು, ಅಜ್ಜಿಯನ್ನು ತಾನೇ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕ್ಯೂ ನಿಂತಳು, ಚೀಟಿ ಮಾಡಿಸಿದಳು. ಒಳಗೆ ಡಾಕ್ಟರು ಅಜ್ಜಿಯ ಕಾಲನ್ನು ಒತ್ತಿ ನೋಡಿದ್ದು, ಕತ್ತಿನ ನರ ನೋಡಿದ್ದು, ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟದ್ದು ಎಲ್ಲವನ್ನೂ ನಿಂತು ನೋಡಿ ಬಂದಳು. ಹೃದಯದ ತೊಂದರೆ ಇತ್ತು. ಆ ರಾತ್ರಿ ಹೃದಯದ ಪಾಠವನ್ನು ನಾನು ಕೇಳುವ ಅಗತ್ಯವೇ ಬೀಳಲಿಲ್ಲ. ಒಂದರ ಹಿಂದೆ ಒಂದು ತಾನೇ ಹೇಳುತ್ತಾ ಹೋದಳು. ಮೂರು ವಾರದ ಓದಿಗೆ ಬಾರದ್ದು ಒಬ್ಬ ಅಜ್ಜಿಯ ಕಾಲಿನಿಂದ ಬಂತು.

ನಾನು ಸಣ್ಣವಳಿದ್ದಾಗ ನಮಗೆ ಮದ್ದು ಕೊಡುತ್ತಿದ್ದವರು ಎಲ್.ಎಂ.ಪಿ. ಡಾಕ್ಟರು. ಈ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿದ್ದಾಗ ಕಲಿತವರು. ಮೆಡಿಕಲ್ ಸ್ಕೂಲಿನಲ್ಲಿ ಕೆಲವು ವರ್ಷ ಓದಿ ಲೈಸೆನ್ಸ್ ಪಡೆದು ಹಳ್ಳಿಗೆ ಬಂದು ಕೂರುತ್ತಿದ್ದರು. ಮದರಾಸಿನಲ್ಲಿ ಡಾಕ್ಟರುಗಳ ನೋಂದಣಿಯ ಕಾಯಿದೆ ಬಂದದ್ದು 1914ರಷ್ಟು ಹಿಂದೆ. 1946ರಲ್ಲಿ ಭೋರ್ ಸಮಿತಿ ಎರಡು ದರ್ಜೆಯ ಡಾಕ್ಟರುಗಳು ಬೇಡ, ಒಂದೇ ಎಂ.ಬಿ.ಬಿ.ಎಸ್. ಸಾಕು ಎಂದಿತು, ಕ್ರಮೇಣ ಎಲ್.ಎಂ.ಪಿ. ನಿಂತಿತು. ನಿಲ್ಲಿಸಿದ್ದು ತತ್ವದಲ್ಲಿ ಸರಿಯಿರಬಹುದು. ಆದರೆ ನಮ್ಮ ಆ ಡಾಕ್ಟರು ಹೊಳೆ ದಾಟಿ ದೋಣಿಯಲ್ಲಿ ಹೋಗಿ ಹೆರಿಗೆ ಮಾಡಿಸಿ ಬರುತ್ತಿದ್ದರು. ಬಾಟಲಿಗೆ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, ಗುರುತಿನ ತನಕ ಕುಡಿಯಿರಿ ಎಂದು ಮಿಕ್ಶ್ಚರ್ ಕೊಡುತ್ತಿದ್ದರು. ಅಂಥವರು ಬಿಟ್ಟುಹೋದ ಕುರ್ಚಿಗಳು ಎಷ್ಟೋ ಹಳ್ಳಿಗಳಲ್ಲಿ ಇನ್ನೂ ಖಾಲಿ. ನನ್ನ ತಂಗಿಯ ಮಗಳಂಥವರು ಆ ಕುರ್ಚಿಗೇ ಬರಬೇಕಾದವರು ಎಂದು ನಾನು ಮನಸಾರೆ ನಂಬಿದ್ದೇನೆ.

ಚಳಿಗಾಲದ ಪರೀಕ್ಷೆಗೆ ಬೆಂಗಳೂರಿನಲ್ಲಿ ಸೆಂಟರ್ ಬಂತು. ರಾತ್ರಿ ಬಸ್ಸಿನಲ್ಲಿ ನಾನೂ ಹೋದೆ. ಗೇಟಿನ ಹೊರಗೆ ಅಪ್ಪ ಅಮ್ಮಂದಿರ ಗುಂಪು. ವಿಜಯಪುರ, ಕಲಬುರಗಿ, ಕಾಸರಗೋಡು, ಎಲ್ಲೆಲ್ಲಿಂದಲೋ ಬಂದವರು. ಜಾರ್ಜಿಯಾ, ರಷ್ಯ, ಫಿಲಿಪ್ಪೀನ್ಸ್ ಎಂಬ ಹೆಸರುಗಳನ್ನು ಪಕ್ಕದ ಊರುಗಳ ಹೆಸರಿನ ಹಾಗೆ ಹೇಳುತ್ತಿದ್ದರು. ಕೆಲವು ಹುಡುಗಿಯರ ಕೈಯಲ್ಲಿ ಮದುವೆಯ ಬಳೆ ಇದ್ದವು, ಒಬ್ಬಳು ಕೂಸನ್ನು ಅಜ್ಜಿಯ ಕೈಗೆ ಕೊಟ್ಟು ಒಳಗೆ ಹೋದಳು. ಸಂಜೆ ಹೊರಗೆ ಬಂದವರಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ಫಲಿತಾಂಶ ಬಂದಾಗ ಅವಳಿಗೆ 150ಕ್ಕೆ ಕೆಲವೇ ಅಂಕ ಕಡಿಮೆ. ಅಳಲಿಲ್ಲ. ಕೋಣೆಗೆ ಹೋಗಿ ಗೋಡೆಯ ಹಳದಿ ಚೀಟಿಗಳನ್ನೆಲ್ಲ ಕಿತ್ತು ತೆಗೆದಳು. ಊರಿನಲ್ಲಿ ಮಾತು ಹರಡಲು ಒಂದು ಹಗಲು ಸಾಕಾಯಿತು. ಫಾರಿನ್‌ನಲ್ಲಿ ಓದಿದವರದ್ದು ಅಷ್ಟೇ ಎಂದವರಿದ್ದರು, ನೀಟ್‌ನಲ್ಲಿ ಸೀಟು ಸಿಗದವರಲ್ಲವೇ ಎಂದವರೂ ಇದ್ದರು. ಈ ಮಾತು ನನಗೆ ತುಂಬಾ ನೋವು ಕೊಡುತ್ತದೆ. ಐದು ಜನರಲ್ಲಿ ನಾಲ್ವರು ದಾಟದ ಪರೀಕ್ಷೆಯ ಬಗ್ಗೆ ಎರಡು ಪ್ರಶ್ನೆ ಕೇಳಬೇಕು: ಆ ನಾಲ್ವರಿಗೆ ಏನು ಗೊತ್ತಿಲ್ಲ ಎಂಬುದು ಒಂದು, ಅವರಿಗೆ ಅದನ್ನು ಕಲಿಯಲು ನಾವು ಎಲ್ಲಿ ಜಾಗ ಕೊಟ್ಟಿದ್ದೇವೆ ಎಂಬುದು ಇನ್ನೊಂದು. ನಾವು ಮೊದಲನೆಯದನ್ನು ಮಾತ್ರ ಕೇಳುತ್ತೇವೆ. ತಾಲೂಕು ಆಸ್ಪತ್ರೆಗಳಲ್ಲಿ ಈ ಮಕ್ಕಳಿಗೆ ಹಿರಿಯ ಡಾಕ್ಟರರ ಹಿಂದೆ ನಿಂತು ನೋಡುವ, ರೋಗಿಯ ಒಪ್ಪಿಗೆಯಿಂದ ಅವರ ಕಥೆ ಕೇಳಿ ಬರೆದುಕೊಳ್ಳುವ ಅವಕಾಶ ಕ್ರಮಬದ್ಧವಾಗಿ ಸಿಗಬೇಕು. ಮದ್ದು ಬರೆಯುವುದು ಬೇಡ, ಚುಚ್ಚುವುದು ಬೇಡ, ನಿಂತು ನೋಡುವುದು ಸಾಕು. ನಮ್ಮ ಬಂಟ್ವಾಳ, ಪುತ್ತೂರು, ಬೆಳ್ತಂಗಡಿಯಲ್ಲಿ ಇಂಥ ಹತ್ತು ಹದಿನೈದು ಮಕ್ಕಳು ಹೀಗೆ ಬೆಳಗ್ಗೆ ಎರಡು ಗಂಟೆ ನಿಂತರೆ ಯಾರಿಗೂ ನಷ್ಟವಿಲ್ಲ.

ಈ ಮಾತನ್ನು ಅವಳಿಗೆ ಹೇಳಿದೆ. ಅವಳು ಒಪ್ಪಲಿಲ್ಲ, ಪೂರ್ತಿ ಒಪ್ಪಲಿಲ್ಲ ಎನ್ನಬೇಕು. "ಅಲ್ಲಿ ಡಾಕ್ಟ್ರಿಗೆ ರೋಗಿಗಳನ್ನು ನೋಡ್ಲಿಕ್ಕೇ ಸಮಯ ಇಲ್ಲ ದೊಡ್ಡಮ್ಮ, ನಮಗೆ ಯಾವಾಗ ಹೇಳಿಕೊಡುವುದು?" ಎಂದಳು. ಅದೂ ನಿಜ. ನಾವಿಬ್ಬರೂ ಇದನ್ನು ಎಷ್ಟೋ ರಾತ್ರಿ ಚರ್ಚಿಸಿದ್ದೇವೆ, ಮುಗಿದಿಲ್ಲ.

ಈಗ ಅವಳು ಮತ್ತೆ ಕೂತಿದ್ದಾಳೆ. ಈ ಸಲ ಹೊಸ ಚೀಟಿಗಳು ಕಡಿಮೆ. ಕಳೆದ ಸಲ ಕೊನೆಗೆ ಉಳಿದು ಅರ್ಧವಾದ ಸರ್ಜರಿಯನ್ನೂ ಹೆರಿಗೆ ಪಾಠವನ್ನೂ ಮೊದಲು ಮುಗಿಸಿದ್ದಾಳೆ. ನಡುವೆ ಯಾರೋ ಈ ಪರೀಕ್ಷೆಯ ಬದಲಿಗೆ ನೆಕ್ಸ್ಟ್ ಎಂಬ ಪರೀಕ್ಷೆ ಬರುತ್ತದಂತೆ ಎಂದು ಸುದ್ದಿ ಹಬ್ಬಿಸಿದರು. 2019ರ ಕಾಯಿದೆ ಮೂರು ವರ್ಷದೊಳಗೆ ಎಂದು ಹೇಳಿದ್ದ ಆ ಹೊಸ ಪರೀಕ್ಷೆ ಮುಂದೆ ಮುಂದೆ ಹೋಗುತ್ತಲೇ ಇದೆ. ಬಂದರೆ ಪುಸ್ತಕ, ಕ್ರಮ ಎಲ್ಲ ಬದಲು. ಒಂದು ದಿನ ಪೂರ್ತಿ ಆ ಚಿಂತೆಯಲ್ಲಿ ಹೋಯಿತು. ಮರುದಿನದಿಂದ ಆ ಮಾತು ಎತ್ತಬಾರದೆಂದು ಮನೆಯಲ್ಲಿ ನಿಯಮ ಮಾಡಿದೆ. ಪಾಸಾದರೆ ಮುಂದೆಯೂ ಕೆಲಸ ಉಂಟು. ಕರ್ನಾಟಕ ಮೆಡಿಕಲ್ ಕೌನ್ಸಿಲಿನಲ್ಲಿ ತಾತ್ಕಾಲಿಕ ನೋಂದಣಿ, ಕೊರೊನಾ ಕಾಲದ ಆನ್‌ಲೈನ್ ತರಗತಿಗಳನ್ನು ಆಮೇಲೆ ನೇರವಾಗಿ ಸರಿದೂಗಿಸಿದ್ದಾರೆಂಬ ಪತ್ರ, ಆಮೇಲೆ ಇಂಟರ್ನ್‌ಶಿಪ್ಪಿಗೆ ಜಾಗ ಸಿಗುವ ತನಕ ಕಾಯುವುದು. ಆ ಕಾಗದಗಳ ಫೈಲನ್ನು ನಮ್ಮ ಯಜಮಾನರು ತೋಟದ ಪಹಣಿಪತ್ರಗಳ ಜೊತೆ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.

ವಿಟ್ಲದ ಕಡೆಯ ಒಬ್ಬ ಹುಡುಗ, ಜಾರ್ಜಿಯಾದಲ್ಲಿ ಓದಿ ಬಂದವನು, ಈಗ ವಾರಕ್ಕೆರಡು ಸಂಜೆ ಬರುತ್ತಾನೆ. ಒಬ್ಬರು ರೋಗಿಯಾಗಬೇಕು, ಒಬ್ಬರು ಡಾಕ್ಟರು, ಇದು ಅವರ ಹೊಸ ಕ್ರಮ. ರೋಗಿಯಾದವರು ಪುಸ್ತಕದ ಇಂಗ್ಲಿಷಿನಲ್ಲಿ ಹೇಳಬಾರದು, ನಮ್ಮ ಊರಿನವರು ಹೇಳುವ ಹಾಗೆಯೇ ಹೇಳಬೇಕು. ನನ್ನನ್ನೂ ರೋಗಿಯನ್ನಾಗಿ ಮಾಡುತ್ತಾರೆ. ನಿನ್ನೆ ನನಗೆ ನಾಯಿ ಕಚ್ಚಿತ್ತು. ಗಾಯವನ್ನು ಸಾಬೂನು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಲು ಅವನು ಹೇಳಿದ, ಲಸಿಕೆಯ ದಿನಗಳನ್ನು ತಪ್ಪಿಲ್ಲದೆ ಹೇಳಿದ. ಅವಳು ಅಡ್ಡ ಬಂದು ಕೇಳಿದಳು: "ಅರಶಿನ ಮೆತ್ತಿದ್ದೀರಾ, ಸುಣ್ಣ ಹಾಕಿದ್ದೀರಾ, ಅದನ್ನು ಮೊದಲು ಕೇಳು ಮಾರಾಯ. ಇಲ್ಲಿ ಎಲ್ಲರೂ ಹಾಕಿಯೇ ಬರುವುದು." ಅವನು ನೋಟ್‌ಬುಕ್ ತೆರೆದು ಬರೆದುಕೊಂಡ. ಶುಕ್ರವಾರ ಪುನಃ ಬರುತ್ತಾನೆ, ಮಕ್ಕಳ ವಾಂತಿಭೇದಿಯಂತೆ; ನಾನು ಎಂಟು ತಿಂಗಳ ಮಗುವಿನ ತಾಯಿಯಾಗಬೇಕಂತೆ.